ಶಿಕ್ಷೆ ಮುಗಿದ ಮೇಲೆ ಕೋವಿ ಲೈಸೆನ್ಸ್: ಉತ್ತರ ಕನ್ನಡದಲ್ಲಿ ಈ ಸರ್ಕಾರಿ ಸೇವೆ ಹೇಗಿದೆ?

ಕ್ರಿಮಿನಲ್ ಕೇಸಿನಲ್ಲಿ ಒಮ್ಮೆ ಶಿಕ್ಷೆಯಾದರೆ ಆಜನ್ಮ ಕೋವಿ ಮುಟ್ಟುವಂತಿಲ್ಲ ಎಂಬ ನಂಬಿಕೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಗಟ್ಟಿಯಾಗಿ ಕೂತಿದೆ. ಅದು ತಪ್ಪು. 1959ರ ಶಸ್ತ್ರಾಸ್ತ್ರ ಕಾಯ್ದೆ ಹಾಕುವ ನಿರ್ಬಂಧಕ್ಕೆ ಒಂದು ಕೊನೆಯ ದಿನಾಂಕವಿದೆ. ಆ ದಿನ ದಾಟಿದವನು ಉಳಿದ ರೈತರ ಹಾಗೆಯೇ ಅರ್ಜಿ ಹಾಕಬಹುದು. ಹಾಗಿದ್ದೂ ಹಾಕಿದ ಅರ್ಜಿಗಳಲ್ಲಿ ಹಲವು ಬಿದ್ದುಹೋಗುತ್ತವೆ. ಕಾರಣ ಹೆಚ್ಚಾಗಿ ಹಳೆಯ ಕೇಸಲ್ಲ; ತನಗಿರುವ ನಿರ್ಬಂಧ ಯಾವ ಬಗೆಯದು, ಅದು ಯಾವತ್ತಿಂದ ಯಾವತ್ತಿಗೆ ಎಂದು ಲೆಕ್ಕ ಹಾಕದೆ ಹೋಗಿರುವುದು, ಇಲ್ಲವೇ ಕೇಸನ್ನೇ ಮುಚ್ಚಿಟ್ಟಿರುವುದು. ಈ ಸೇವೆಯ ದೊಡ್ಡ ಕೊರತೆಯೂ ಅಲ್ಲೇ ಇದೆ. ಅರ್ಜಿ ನಮೂನೆ ನಿಮ್ಮನ್ನು ಹತ್ತು ಪ್ರಶ್ನೆ ಕೇಳುತ್ತದೆ, ನೀವು ಅರ್ಹರೋ ಅಲ್ಲವೋ ಎಂಬ ಒಂದು ಮಾತನ್ನು ಮಾತ್ರ ಹೇಳುವುದಿಲ್ಲ.

ಹಾಗಾಗಿ ಮೊದಲು ಆ ಲೆಕ್ಕವನ್ನೇ ನೋಡೋಣ. ನಿರ್ಬಂಧಗಳು ಮುಖ್ಯವಾಗಿ ಮೂರು ಕಡೆಯಿಂದ ಬರುತ್ತವೆ. ಮೂರಕ್ಕೂ ಗಡುವು ಬೇರೆ, ಬಿಡಿಸಿಕೊಳ್ಳುವ ಬಗೆಯೂ ಬೇರೆ.

ಮೊದಲನೆಯದು ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಂ. ಹಿಂಸೆ ಅಥವಾ ನೈತಿಕ ಅಧಃಪತನ (ಕಳ್ಳತನ, ಮೋಸದಂಥ ನಡತೆಗೇಡು) ಒಳಗೊಂಡ ಅಪರಾಧಕ್ಕೆ ಜೈಲು ಶಿಕ್ಷೆಯಾದವನು, ಆ ಶಿಕ್ಷೆ ಮುಗಿದ ದಿನದಿಂದ ಐದು ವರ್ಷ ಬಂದೂಕು ಪಡೆಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಒಯ್ಯುವಂತಿಲ್ಲ. ಶಿಕ್ಷೆ ಎಷ್ಟೇ ಚಿಕ್ಕದಿರಲಿ, ಒಂದು ತಿಂಗಳಾದರೂ ಸರಿಯೇ. ಇಲ್ಲಿ ಎರಡು ಮಾತು ಗಮನಿಸಬೇಕು. ಕಲಂ ಹೇಳುವುದು ಜೈಲು ಶಿಕ್ಷೆಯನ್ನು. ಬರೀ ದಂಡ ಹಾಕಿ ಬಿಟ್ಟ ತೀರ್ಪಿಗೆ ಈ ಐದು ವರ್ಷ ಅಂಟುವುದಿಲ್ಲ. ಇನ್ನೊಂದು, ಎಣಿಕೆ ಶುರುವಾಗುವುದು ಎಫ್‌ಐಆರ್ ದಿನದಿಂದಲ್ಲ, ತೀರ್ಪಿನ ದಿನದಿಂದಲೂ ಅಲ್ಲ; ಶಿಕ್ಷೆ ಮುಗಿದ ದಿನದಿಂದ.

ಇದರಲ್ಲಿ ಜನ ಎಡವುವುದು ಹೀಗೆ. ಬೇಲಿ ಜಗಳದ ಹೊಡೆದಾಟದಲ್ಲಿ ಒಬ್ಬನಿಗೆ 2019ರ ಜೂನ್‌ನಲ್ಲಿ ಒಂದು ವರ್ಷ ಸಜೆಯಾಯಿತು ಅನ್ನಿ. ಅದೇ ದಿನ ಒಳಗೆ ಹೋದರೆ 2020ರ ಜೂನ್‌ಗೆ ಸಜೆ ಮುಗಿಯುತ್ತದೆ, 2025ರ ಜೂನ್‌ಗೆ ನಿರ್ಬಂಧವೂ ಮುಗಿಯುತ್ತದೆ. ಆದರೆ ಅವನು ಅಪೀಲು ಹಾಕಿ, ಶಿಕ್ಷೆಗೆ ತಡೆ ತಂದು, ಮನೆಯಲ್ಲೇ ಇದ್ದು, 2022ರಲ್ಲಿ ಅಪೀಲು ಸೋತು ಆಮೇಲೆ ಒಳಗೆ ಹೋದರೆ ಸಜೆ ಮುಗಿಯುವುದೇ 2023ಕ್ಕೆ. ಐದು ವರ್ಷ ಅಲ್ಲಿಂದ ಎಣಿಸಬೇಕು, 2028. "ತೀರ್ಪಾಗಿ ಆರು ವರ್ಷ ಆಯ್ತಲ್ಲ ಮಾರಾಯ್ರೆ" ಎಂದು 2025ರಲ್ಲಿ ಅರ್ಜಿ ಹಾಕಿದರೆ ಅದು ಅವಧಿಗೆ ಮೊದಲೇ ಹಾಕಿದ ಅರ್ಜಿ. ಶಿಕ್ಷೆಗೆ ಸಿಗುವ ತಡೆ ತೀರ್ಪನ್ನು ಅಳಿಸುವುದಿಲ್ಲ, ಎಣಿಕೆಯನ್ನು ಮುಂದೆ ತಳ್ಳುತ್ತದೆ, ಅಷ್ಟೆ. ವಿಚಾರಣೆಯ ಕಾಲದಲ್ಲಿ ಕಸ್ಟಡಿಯಲ್ಲಿ ಕಳೆದ ದಿನಗಳು ಶಿಕ್ಷೆಯ ಅವಧಿಯಲ್ಲಿ ವಜಾ ಆಗಿರುತ್ತವೆ. ಆದ್ದರಿಂದ ಕೊನೆಯ ದಿನವನ್ನು ಊಹೆಯಿಂದ ಬರೆಯಬೇಡಿ, ಜೈಲಿನಿಂದ ಬಿಡುಗಡೆ ಪ್ರಮಾಣಪತ್ರ ಪಡೆದು ಅದರಲ್ಲಿರುವ ದಿನಾಂಕವನ್ನೇ ಹಾಕಿ.

ಪ್ರೊಬೇಶನ್ ಮೇಲೆ ಬಿಟ್ಟವರ ಸ್ಥಿತಿ ಬೇರೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 3ನೇ ಕಲಂ ಕೆಳಗೆ ನ್ಯಾಯಾಲಯ ಎಚ್ಚರಿಕೆ ಹೇಳಿ, ಅಥವಾ 4ನೇ ಕಲಂ ಕೆಳಗೆ ಒಳ್ಳೆಯ ನಡತೆಯ ಷರತ್ತಿನ ಮೇಲೆ ಬಿಟ್ಟಿದ್ದರೆ, ಅದೇ ಕಾಯ್ದೆಯ 12ನೇ ಕಲಂ ಪ್ರಕಾರ ತೀರ್ಪಿಗೆ ಅಂಟಿಕೊಂಡ ಅನರ್ಹತೆ ಅವನಿಗೆ ತಾಗುವುದಿಲ್ಲ. ವಕೀಲರು ಈ ಕಲಂನ್ನು ಕಡತಕ್ಕೆ ಸೇರಿಸದೆ ಬಿಡುವುದು ಮಾಮೂಲು. ತೀರ್ಪಿನ ಕೊನೆಯ ಪುಟ ತೆಗೆದು ಓದಿ. ಅಲ್ಲಿ ಪ್ರೊಬೇಶನ್ ಎಂದಿದ್ದರೆ ನಿಮ್ಮ ಅರ್ಜಿಯ ಮೊದಲ ಸಾಲೇ ಅದಾಗಬೇಕು. ರಾಜಿಯಾಗಿ ಮುಗಿದ ಪ್ರಕರಣಕ್ಕೂ ಖುಲಾಸೆಯ ಫಲವೇ ಇದೆ. ಅಪ್ರಾಪ್ತ ವಯಸ್ಸಿನಲ್ಲಿ ಬಾಲ ನ್ಯಾಯ ಮಂಡಳಿಯ ಮುಂದೆ ಹೋದದ್ದು ಸಾಮಾನ್ಯವಾಗಿ ಅನರ್ಹತೆಯಾಗುವುದಿಲ್ಲ.

ಇದೇ 9ನೇ ಕಲಂನಲ್ಲಿ ಇನ್ನೊಂದು ಬಾಲವಿದೆ: ಮುಚ್ಚಳಿಕೆ. ಊರಲ್ಲಿ ಈಗಲೂ "ನೂರಾ ಏಳು ಹಾಕಿದ್ದಾರೆ" ಎನ್ನುತ್ತಾರಲ್ಲ, ಶಾಂತಿ ಕಾಪಾಡುತ್ತೇನೆಂದು ತಹಶೀಲ್ದಾರರ ಅಥವಾ ಎಸಿಯವರ (ಉಪವಿಭಾಗಾಧಿಕಾರಿ) ಮುಂದೆ ಬರೆದುಕೊಡುವ ಬಾಂಡು, ಅದರ ಅವಧಿ ಮುಗಿಯುವ ತನಕವೂ ಕೋವಿ ಇಟ್ಟುಕೊಳ್ಳುವಂತಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 107ನೇ ಕಲಂ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಂ ಆಗಿದೆ. ರೂಢಿಗತ ಅಪರಾಧಿಗಳಿಂದ ಒಳ್ಳೆಯ ನಡತೆಗೆ ಬಾಂಡು ಬರೆಸಿಕೊಳ್ಳುವ 110 ಹೋಗಿ 129 ಬಂದಿದೆ. ಮೊದಲನೆಯದರಲ್ಲಿ ಬಾಂಡು ಹೆಚ್ಚೆಂದರೆ ಒಂದು ವರ್ಷ, ಎರಡನೆಯದರಲ್ಲಿ ಮೂರು ವರ್ಷ. ಜೈಲು, ತೀರ್ಪು ಏನೂ ಇಲ್ಲದಿದ್ದರೂ ಈ ಅವಧಿಯಲ್ಲಿ ಕೋವಿ ಮನೆಯಲ್ಲಿದ್ದರೆ ಅದೇ ಒಂದು ಹೊಸ ಅಪರಾಧ. ಶಸ್ತ್ರಾಸ್ತ್ರ ಕಾಯ್ದೆಯ 25ನೇ ಕಲಂ ಪ್ರಕಾರ ಶಿಕ್ಷೆ ಎರಡು ವರ್ಷದಿಂದ ಐದು ವರ್ಷ, 2019ರ ತಿದ್ದುಪಡಿಯ ನಂತರ. ದಾಯಾದಿ ಜಗಳದಲ್ಲಿ ಎರಡೂ ಕಡೆಯವರಿಗೆ ಬಾಂಡು ಹಾಕಿಸುವುದು ನಮ್ಮ ಕಡೆ ಸರ್ವೇಸಾಮಾನ್ಯ. ಬಾಂಡಿಗೆ ಸಹಿ ಹಾಕಿ ಬಂದವನಿಗೆ ಅಟ್ಟದ ಮೇಲಿನ ಕೋವಿಯ ನೆನಪಿರುವುದಿಲ್ಲ.

ಎರಡನೆಯ ನಿರ್ಬಂಧ ಶಸ್ತ್ರಾಸ್ತ್ರ ಕಾಯ್ದೆಯದೇ 17ನೇ ಕಲಂ: ಜಿಲ್ಲಾ ದಂಡಾಧಿಕಾರಿ, ಅಂದರೆ ಕಾರವಾರದಲ್ಲಿ ಕೂರುವ ಡಿಸಿ, ಲೈಸೆನ್ಸನ್ನು ಅಮಾನತು ಅಥವಾ ರದ್ದು ಮಾಡುವ ಅಧಿಕಾರ. ಇದಕ್ಕೆ ತೀರ್ಪೇ ಬೇಕೆಂದಿಲ್ಲ. ಸಾರ್ವಜನಿಕ ಶಾಂತಿಗೆ ಅಗತ್ಯ ಎಂದು ಕಂಡರೆ, ಷರತ್ತು ಮುರಿದಿದ್ದರೆ, ಅರ್ಜಿಯಲ್ಲಿ ಮಾಹಿತಿ ಮುಚ್ಚಿಟ್ಟಿದ್ದರೆ ಸಾಕು. ಆದರೆ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು, ಕೇಳಿದರೆ ಅದರ ಸಂಕ್ಷಿಪ್ತ ಹೇಳಿಕೆ ಕೊಡಬೇಕು. ಕೇಸು ಬಾಕಿ ಇದೆ ಎಂಬ ಒಂದೇ ಕಾರಣಕ್ಕೆ ರದ್ದು ಮಾಡುವುದು ಸರಿಯಲ್ಲ ಎಂದು ಹೈಕೋರ್ಟುಗಳು ಮತ್ತೆ ಮತ್ತೆ ಹೇಳಿವೆ.

ಒಂದು ಸೂಕ್ಷ್ಮ ಇಲ್ಲಿದೆ. ಶಸ್ತ್ರಾಸ್ತ್ರ ಕಾಯ್ದೆಯ ಅಪರಾಧಕ್ಕೆ ಶಿಕ್ಷೆ ಕೊಡುವಾಗ ನ್ಯಾಯಾಲಯವೇ ಲೈಸೆನ್ಸ್ ರದ್ದು ಮಾಡಿದ್ದರೆ, ಅಪೀಲಿನಲ್ಲಿ ಆ ತೀರ್ಪು ಬಿದ್ದಾಗ ರದ್ದತಿಯೂ ತಾನಾಗಿ ಬಿದ್ದುಹೋಗುತ್ತದೆ. ಡಿಸಿ ಮಾಡಿದ ರದ್ದತಿ ಹಾಗೆ ಬೀಳುವುದಿಲ್ಲ. ಖುಲಾಸೆಯ ತೀರ್ಪು ಹಿಡಿದು ನೀವೇ ಹೋಗಿ ಕೇಳಬೇಕು. ಖುಲಾಸೆಯಾಯಿತೆಂದು ನೇರ ಠಾಣೆಗೆ ಹೋಗಿ "ನಮ್ಮ ಕೋವಿ ಕೊಡಿ" ಎಂದರೆ ಠಾಣೆಯವರು ಕೊಡುವುದಿಲ್ಲ; ಕೊಡಬಾರದು ಕೂಡ.

ಮೂರನೆಯದು ಕಾಡಿನ ಕೇಸು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 51ನೇ ಕಲಂನಲ್ಲಿ, ಬೇಟೆಗೆ ಬಳಸಿದ ಬಂದೂಕಿನ ಲೈಸೆನ್ಸನ್ನು ರದ್ದು ಮಾಡಿ, ತೀರ್ಪಿನ ದಿನದಿಂದ ಐದು ವರ್ಷ ಲೈಸೆನ್ಸಿಗೆ ಅನರ್ಹ ಎಂದು ನ್ಯಾಯಾಲಯ ಆದೇಶಿಸಬಹುದು. ಇಲ್ಲಿ ಎಣಿಕೆ ತೀರ್ಪಿನ ದಿನದಿಂದ, 9ನೇ ಕಲಂನಂತೆ ಶಿಕ್ಷೆ ಮುಗಿದ ದಿನದಿಂದ ಅಲ್ಲ. ಅದೂ ತಾನಾಗಿ ಬರುವುದಿಲ್ಲ. ತೀರ್ಪಿನಲ್ಲಿ ಹಾಗೆಂದು ಬರೆದಿರಬೇಕು. ಬರೆದಿಲ್ಲದಿದ್ದರೆ ಆ ಕಲಂನ ಅನರ್ಹತೆ ಇಲ್ಲ, ಆದರೂ ಡಿಸಿ ತಮ್ಮ ವಿವೇಚನೆಯಲ್ಲಿ ಅದನ್ನು ಎಣಿಸದೆ ಇರುವುದಿಲ್ಲ. ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದೊಳಗಿನ ಬೇಟೆಗೆ ಪ್ರೊಬೇಶನ್ ಸೌಲಭ್ಯವೂ ಸಿಗುವುದಿಲ್ಲ, 18 ತುಂಬದವರಿಗೆ ಬಿಟ್ಟರೆ. ಬೇಟೆಗೆ ಬಳಸಿ ಮುಟ್ಟುಗೋಲಾದ ಕೋವಿಯ ಆಸೆಯನ್ನಂತೂ ಬಿಟ್ಟುಬಿಡಿ. ಲೈಸೆನ್ಸ್ ಮರಳಬಹುದು, ಆ ಕೋವಿ ಮರಳುವುದಿಲ್ಲ.

ಬೇಟೆಯ ಹಕ್ಕು ಎನ್ನುವವರಿಗೆ ಒಂದು ಮಾತು. ಅಮೆರಿಕದಲ್ಲಿರುವ ಮಕ್ಕಳು, ನೆಂಟರು ಕಳಿಸುವ ವಿಡಿಯೊಗಳಲ್ಲಿ ಶಿಕ್ಷೆಯಾದವರು ಬಂದೂಕಿನ ಹಕ್ಕು, ಬೇಟೆಯ ಹಕ್ಕು ಎರಡನ್ನೂ ಮರಳಿ ಪಡೆಯುವ ಬಗೆ ಇರುತ್ತದೆ. ಅಲ್ಲಿಯ ಲೆಕ್ಕವೇ ಬೇರೆ. ಒಂದು ವರ್ಷಕ್ಕಿಂತ ಹೆಚ್ಚು ಶಿಕ್ಷೆ ವಿಧಿಸಬಹುದಾದ ಅಪರಾಧದಲ್ಲಿ ತಪ್ಪಿತಸ್ಥನಾದರೆ ಅಲ್ಲಿನ ಫೆಡರಲ್ ಕಾನೂನು ಬಂದೂಕನ್ನು ಅವಧಿಯ ಮಿತಿಯೇ ಇಲ್ಲದೆ ನಿಷೇಧಿಸುತ್ತದೆ. ಕ್ಷಮಾದಾನ, ತೀರ್ಪಿನ ಅಳಿಸುವಿಕೆ, ಆಯಾ ರಾಜ್ಯದ ಹಕ್ಕು ಮರುಸ್ಥಾಪನೆ ಇವೆಲ್ಲ ಅದಕ್ಕೆಂದೇ ಹುಟ್ಟಿದ ದಾರಿಗಳು. ನಮ್ಮಲ್ಲಿ ಅವಧಿ ತಾನಾಗಿ ಮುಗಿಯುತ್ತದೆ, ಹಕ್ಕು ಮರುಸ್ಥಾಪಿಸಿ ಎಂದು ಕೋರ್ಟಿಗೆ ಹೋಗಬೇಕಿಲ್ಲ. ಇನ್ನು ಬೇಟೆಯ ಹಕ್ಕು ನಮ್ಮಲ್ಲಿ ಯಾರಿಗೂ ಇಲ್ಲ, ಕಳಂಕವೇ ಇಲ್ಲದವನಿಗೂ ಇಲ್ಲ. ಶಿಕಾರಿ ಲೈಸೆನ್ಸಿನ ಕಲಂಗಳನ್ನು 1991ರ ತಿದ್ದುಪಡಿಯಲ್ಲೇ ತೆಗೆದುಹಾಕಿದ್ದಾರೆ. ಬೆಳೆ ರಕ್ಷಣೆಯ ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಹೊಡೆಯಲು ಪರವಾನಗಿ ಸಿಕ್ಕಂತಲ್ಲ. ಅದಕ್ಕೆ ವನ್ಯಜೀವಿ ಕಾಯ್ದೆಯ 11ನೇ ಕಲಂ ಕೆಳಗೆ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಲಿಖಿತ ಆದೇಶ ಬೇರೆಯೇ ಬೇಕು. ಅದಿಲ್ಲದಿದ್ದರೆ ಕೋವಿಯ ಕೆಲಸ ಸದ್ದು ಮಾಡಿ ಬೆದರಿಸುವುದು, ಅಲ್ಲಿಗೆ ಮುಗಿಯಿತು. ಒಮ್ಮೆ ಶಿಕ್ಷೆ ಅನುಭವಿಸಿ ಲೈಸೆನ್ಸ್ ಮರಳಿ ಪಡೆದವನು ಈ ಗೆರೆ ದಾಟಿದರೆ ಎರಡನೆಯ ಸಲಕ್ಕೆ ದಯೆ ನಿರೀಕ್ಷಿಸುವಂತಿಲ್ಲ.

ಅರ್ಜಿಯ ಹಂತ

ಲೈಸೆನ್ಸ್ ರದ್ದಾಗಿದ್ದರೆ ಹೊಸ ಅರ್ಜಿ, ಎ-1 ನಮೂನೆ. ಅಮಾನತು ಮಾತ್ರ ಆಗಿದ್ದರೆ ಅಮಾನತು ತೆರವಿನ ಮನವಿ, ಜೊತೆಗೆ ಅವಧಿ ಮೀರಿದ್ದರೆ ನವೀಕರಣ. ಇವೆರಡನ್ನು ಬೆರೆಸಿದರೆ ಕಡತ ಮೇಜಿಂದ ಮೇಜಿಗೆ ತಿರುಗುತ್ತದೆ. ಕೇಂದ್ರ ಗೃಹ ಇಲಾಖೆಯ ಎನ್‌ಡಾಲ್-ಎಲಿಸ್ ಪೋರ್ಟಲ್‌ನಲ್ಲಿ ತುಂಬಬೇಕು. ಹಳೆಯ ಲೈಸೆನ್ಸಿಗೆ ಯುಐಎನ್ (ವಿಶಿಷ್ಟ ಗುರುತಿನ) ಸಂಖ್ಯೆ ಇದ್ದರೆ ಅದನ್ನು ಕೈಯಲ್ಲಿಟ್ಟುಕೊಂಡೇ ಕೂರಿ. ಆಧಾರ್‌ನಲ್ಲಿರುವ ಹೆಸರು, ಪಹಣಿಯಲ್ಲಿರುವ ಹೆಸರು, ತೀರ್ಪಿನಲ್ಲಿರುವ ಹೆಸರು ಮೂರೂ ಒಂದೇ ಇರುವುದು ನಮ್ಮ ಜಿಲ್ಲೆಯಲ್ಲಿ ಅಪರೂಪ: ಒಂದರಲ್ಲಿ ತಂದೆಯ ಹೆಸರು ಮೊದಲು, ಇನ್ನೊಂದರಲ್ಲಿ ಹೆಗಡೆ, ನಾಯ್ಕ, ಗೌಡ ಎಂದು ಕೊನೆಯಲ್ಲಿ, ಮತ್ತೊಂದರಲ್ಲಿ ಮನೆತನದ ಹೆಸರು. ಅಫಿಡವಿಟ್ ಒಂದನ್ನು ಮೊದಲೇ ಮಾಡಿಸಿಡುವುದು ಲೇಸು. ತೀರ್ಪಿನ ಹೆಸರು ಹೊಂದದಿದ್ದರೆ ಪರಿಶೀಲನೆಗೆ ಬಂದವರು ಇನ್ನೊಬ್ಬನ ಕೇಸನ್ನೂ ನಿಮ್ಮ ತಲೆಗೆ ಕಟ್ಟಬಹುದು.

ಲಗತ್ತುಗಳಲ್ಲಿ ಫೋಟೊ, ಗುರುತು, ವಿಳಾಸ, ಜನ್ಮ ದಿನಾಂಕದ ದಾಖಲೆ ಎಲ್ಲರಿಗೂ ಇರುವಂಥವು. ಮಾನಸಿಕ, ದೈಹಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ ಎಸ್-3 ನಮೂನೆಯಲ್ಲೇ ಇರಬೇಕು. ಡಾಕ್ಟರರ ಲೆಟರ್‌ಹೆಡ್ಡಿನಲ್ಲಿ ಬರೆಸಿದ್ದು ನಡೆಯುವುದಿಲ್ಲ. ಬಂದೂಕು ಸುರಕ್ಷತಾ ತರಬೇತಿಗೆ ಎಸ್-1 ಪ್ರಮಾಣಪತ್ರ. ನಮ್ಮ ರಾಜ್ಯದಲ್ಲಿ ಜಿಲ್ಲಾ ಪೊಲೀಸರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ, ಪ್ರಕಟಣೆ ಬಂದಾಗ ಹೆಸರು ಕೊಟ್ಟುಬಿಡಬೇಕು. ಶಿಕ್ಷೆಯಾದವನಿಗೆ ಇವುಗಳ ಮೇಲೆ ಇನ್ನೂ ನಾಲ್ಕು ಕಾಗದ ಬೇಕು: ತೀರ್ಪಿನ ದೃಢೀಕೃತ ನಕಲು, ಜೈಲಿನ ಬಿಡುಗಡೆ ಪತ್ರ, ದಂಡ ಕಟ್ಟಿದ ರಸೀದಿ, ಅಪೀಲು ಯಾವುದೂ ಬಾಕಿ ಇಲ್ಲವೆಂಬ ವಿವರ. ಇ-ಕೋರ್ಟ್ಸ್ ತಾಣದಿಂದ ಇಳಿಸಿದ ಪ್ರತಿ ಓದಿಕೊಳ್ಳಲು ಚೆನ್ನ, ಕಡತಕ್ಕೆ ಸಲ್ಲದು. ಹಳೆಯ ಪ್ರಕರಣಗಳ ನಕಲಿಗೆ ನ್ಯಾಯಾಲಯದ ನಕಲು ವಿಭಾಗದಲ್ಲಿ ಕೇಸ್ ನಂಬರ್ ಮತ್ತು ವಿಲೇವಾರಿ ದಿನಾಂಕ ಎರಡನ್ನೂ ಕೊಡಬೇಕು, ಬರೀ ವರ್ಷ ಹೇಳಿದರೆ ಹುಡುಕಾಟಕ್ಕೆ ದಿನಗಟ್ಟಲೆ ಹಿಡಿಯುತ್ತದೆ.

ಎ-1 ನಮೂನೆಯಲ್ಲಿ ಹಿಂದೆ ಶಿಕ್ಷೆಯಾಗಿದೆಯೇ, ಬಾಂಡು ಬರೆದುಕೊಟ್ಟಿದ್ದೀರಾ, ಕಾಯ್ದೆಯಡಿ ನಿಷೇಧವಿದೆಯೇ ಎಂಬ ಪ್ರಶ್ನೆಗಳಿವೆ. ಸೈಬರ್ ಅಂಗಡಿಯ ಹುಡುಗ ಅಭ್ಯಾಸಬಲದಿಂದ ಎಲ್ಲದಕ್ಕೂ "ಇಲ್ಲ" ಒತ್ತಿಬಿಡುತ್ತಾನೆ. ಇಡೀ ಪ್ರಕ್ರಿಯೆಯಲ್ಲಿ ಅತಿ ಹೆಚ್ಚು ಹಾನಿ ಮಾಡುವುದು ಈ ಒಂದು ಒತ್ತು. ಐದು ವರ್ಷ ದಾಟಿದ ಹಳೆಯ ಶಿಕ್ಷೆಯನ್ನು ಹೇಳಿಕೊಂಡರೆ ಅದು ವಿವೇಚನೆಗೆ ಬಿಟ್ಟ ವಿಷಯ. ಮುಚ್ಚಿಟ್ಟರೆ ಅದು ಮಾಹಿತಿ ಅಡಗಿಸಿದ ಅಪಚಾರ. ಲೈಸೆನ್ಸ್ ಸಿಕ್ಕ ಮೇಲೂ 17ನೇ ಕಲಂ ಕೆಳಗೆ ರದ್ದಿಗೆ ಅಷ್ಟೇ ಸಾಕು. ಪೊಲೀಸರ ಕಂಪ್ಯೂಟರಿನಲ್ಲಿ ಕೇಸು ಹೇಗೂ ಇರುತ್ತದೆ. "ಹೌದು" ಎಂದು ಒತ್ತಿ, ಅಪರಾಧ, ಶಿಕ್ಷೆ, ಶಿಕ್ಷೆ ಮುಗಿದ ದಿನ, ಐದು ವರ್ಷ ತುಂಬಿದ ದಿನ ಇಷ್ಟನ್ನು ಒಂದು ಪುಟದಲ್ಲಿ ಬರೆದು ಲಗತ್ತಿಸಿ. ಕಡತ ನೋಡುವ ಗುಮಾಸ್ತರಿಗೆ ಲೆಕ್ಕ ಹಾಕುವ ಕೆಲಸ ಉಳಿಸಬಾರದು, ನೀವೇ ಹಾಕಿ ಕೊಡಬೇಕು.

ಕೋವಿ ಏಕೆ ಬೇಕು ಎಂಬ ಕಾರಣವೂ ಗಟ್ಟಿಯಾಗಿರಬೇಕು. ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆಗೆಂದು ಹೇಳುವುದು ಕೇಪಿನ ಕೋವಿಯನ್ನು, ಅಂದರೆ ನಳಿಗೆಯ ಬಾಯಿಂದ ಮದ್ದು ತುಂಬುವಂಥದ್ದನ್ನು. ತೋಟೆ ಕೋವಿಯೇ ಬೇಕೆಂದರೆ ಕೇಪಿನದು ಏಕೆ ಸಾಲದು ಎಂದು ಅಧಿಕಾರಿಗೆ ಮನವರಿಕೆ ಮಾಡಿಸಬೇಕು, ನಳಿಗೆ 20 ಅಂಗುಲಕ್ಕಿಂತ ಕಡಿಮೆ ಇರಬಾರದು. ಶಿಕ್ಷೆಯ ಹಿನ್ನೆಲೆ ಇರುವವನು ಮೊದಲ ಸಲಕ್ಕೆ ಕೇಪಿನ ಕೋವಿಗೇ ಕೇಳುವುದು ಜಾಣತನ ಎಂಬುದು ನಮ್ಮ ಅಭಿಪ್ರಾಯ. ಜೋಡುನಳಿಗೆಗೆ ಹಟ ಹಿಡಿದರೆ ಕಡತ ಅನುಮಾನದ ಕಣ್ಣಿಗೆ ಬೀಳುತ್ತದೆ. ಪಹಣಿ, ಬೆಳೆಯ ವಿವರ, ಬೆಳೆ ಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಪಡೆದಿದ್ದರೆ ಆ ಆದೇಶದ ಪ್ರತಿ ಸೇರಿಸಿ. ಈ ಕೊನೆಯ ಕಾಗದಕ್ಕೆ ಇರುವ ತೂಕ ಯಾವ ಶಿಫಾರಸು ಪತ್ರಕ್ಕೂ ಇಲ್ಲ. ಕಾಡುಪ್ರಾಣಿ ನಿಮ್ಮ ತೋಟಕ್ಕೆ ಬಂದದ್ದನ್ನು ಸರ್ಕಾರವೇ ಒಪ್ಪಿ ದುಡ್ಡು ಕೊಟ್ಟಿದೆ ಎಂದು ಅರ್ಥ. ಅತಿಕ್ರಮಣ ಜಮೀನಿನಲ್ಲಿ ಸಾಗುವಳಿ ಮಾಡುವವರಿಗೆ ಪಹಣಿ ಇರುವುದಿಲ್ಲ. ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸಬಾರದು ಎಂದು 14ನೇ ಕಲಂ ಹೇಳುತ್ತದಾದರೂ, ಬೆಳೆ ರಕ್ಷಣೆ ಎಂದ ಮೇಲೆ ಬೆಳೆ ಇರುವ ನೆಲ ತೋರಿಸಲೇಬೇಕಾಗುತ್ತದೆ.

ಠಾಣೆ, ಅರಣ್ಯ, ಕಾರವಾರ

ಅರ್ಜಿ ಬಂದ ಮೇಲೆ ಹತ್ತಿರದ ಠಾಣೆಯ ವರದಿ ಕೇಳುವುದು ಕಡ್ಡಾಯ. ಬೀಟ್ ಪೊಲೀಸರು ಮನೆಗೆ ಬರುತ್ತಾರೆ, ಅಕ್ಕಪಕ್ಕದವರನ್ನು ವಿಚಾರಿಸುತ್ತಾರೆ, ಕೋವಿ ಇಡುವ ಜಾಗ ನೋಡುತ್ತಾರೆ. ಬೀಗ ಹಾಕುವ ಕಪಾಟು, ಮದ್ದು ಮತ್ತು ಕೇಪು ಬೇರೆ ಜಾಗದಲ್ಲಿ: ಇಷ್ಟು ತಯಾರಿರಲಿ. ಹಳೆಯ ಕೇಸಿನ ಎದುರಾಳಿ ಪಕ್ಕದ ಮನೆಯವನೇ ಆಗಿದ್ದರೆ ವರದಿ ಹೇಗೆ ಬರಬಹುದೆಂದು ಊಹಿಸಬಹುದು. ಆಗ ರಾಜಿಯಾದ ಪತ್ರವಿದ್ದರೆ, ಅಥವಾ ವ್ಯಾಜ್ಯದ ಜಾಗದ ಸರ್ವೆ ಮುಗಿದು ಗಡಿಕಲ್ಲು ಹಾಕಿಸಿದ್ದರೆ, ಅದರ ಪ್ರತಿಯನ್ನು ವಿಚಾರಣೆಗೆ ಬಂದವರ ಕೈಗೇ ಕೊಡಿ.

ರೌಡಿ ಶೀಟ್ ತೆರೆದಿದ್ದರೆ ಮೊದಲು ಅದನ್ನು ಮುಚ್ಚಿಸಿಕೊಳ್ಳಿ. ನ್ಯಾಯಾಲಯದ ಶಿಕ್ಷೆಗೂ ಠಾಣೆಯ ಆ ಪುಸ್ತಕಕ್ಕೂ ನೇರ ಸಂಬಂಧವಿಲ್ಲ, ಐದು ವರ್ಷ ತುಂಬಿದ ಕೂಡಲೇ ಅದು ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಎಸ್‌ಪಿಯವರಿಗೆ ಪ್ರತ್ಯೇಕ ಮನವಿ ಕೊಡಬೇಕು. ಅದು ತೆರೆದಿರುವಾಗಲೇ ಲೈಸೆನ್ಸಿಗೆ ಅರ್ಜಿ ಹಾಕುವುದು ಶುಲ್ಕ ಕಳೆದುಕೊಳ್ಳುವ ಕೆಲಸ.

ನಮ್ಮ ಜಿಲ್ಲೆಗೇ ಹೆಚ್ಚು ತಾಗುವ ತೊಡಕು ಹತ್ತು ಕಿಲೋಮೀಟರಿನದು. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಹೊಸ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪಾಲಕರ ಪೂರ್ವಸಮ್ಮತಿ ಬೇಕು ಎಂದು ವನ್ಯಜೀವಿ ಕಾಯ್ದೆಯ 34ನೇ ಕಲಂ ಹೇಳುತ್ತದೆ. 2022ರ ತಿದ್ದುಪಡಿಯಿಂದ ನವೀಕರಣಕ್ಕೂ ಅವರಿಗೆ ತಿಳಿಸಬೇಕಾಗಿದೆ. ಕಾಳಿ ಹುಲಿ ಮೀಸಲಿನ ಭಾಗವಾದ ದಾಂಡೇಲಿ ಅಭಯಾರಣ್ಯ, ಮುಂಡಗೋಡಿನ ಅತ್ತಿವೇರಿ ಪಕ್ಷಿಧಾಮ, 2019ರಲ್ಲಿ ಹಿಗ್ಗಿಸಿದ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ, ಇವುಗಳ ಸುತ್ತ ಗೆರೆ ಎಳೆದರೆ ಜೊಯಿಡಾದ ಬಹುಭಾಗ, ಮುಂಡಗೋಡು, ಸಿದ್ದಾಪುರ, ಹೊನ್ನಾವರದ ಎಷ್ಟೋ ಊರುಗಳು ಒಳಗೆ ಬರುತ್ತವೆ. ರದ್ದಾದ ಲೈಸೆನ್ಸ್ ಮರಳಿ ಕೇಳುವವನಿಗೆ ಇದು ಎರಡು ಪಟ್ಟು ತೊಡಕು. ಅವನ ಹಿಂದಿನ ಲೈಸೆನ್ಸ್ ಅಜ್ಜನ ಕಾಲದ್ದಿರಬಹುದು, ಆದರೆ ರದ್ದಾದ ಮೇಲೆ ಹಾಕುವುದು ಹೊಸ ಅರ್ಜಿ, ಹಾಗಾಗಿ ಪೂರ್ವಸಮ್ಮತಿಯ ಬಾಗಿಲಿಂದಲೇ ಬರಬೇಕು. ರದ್ದತಿಯ ಆದೇಶದ ಮೇಲೆ ಮೇಲ್ಮನವಿಯಲ್ಲಿ ಗೆದ್ದವನಿಗೆ ಹಳೆಯ ಲೈಸೆನ್ಸೇ ಉಳಿಯುತ್ತದೆ, ಈ ಸುತ್ತು ತಪ್ಪುತ್ತದೆ. ಅಭಯಾರಣ್ಯದ ಸೆರಗಿನಲ್ಲಿರುವವರು ರದ್ದತಿಯನ್ನು ಸುಮ್ಮನೆ ಒಪ್ಪಿಕೊಳ್ಳದೆ ಮೇಲ್ಮನವಿ ಹಾಕಬೇಕು ಎನ್ನುವುದು ಇದಕ್ಕೇ. ಬೇಡ್ತಿಯಂಥ ಸಂರಕ್ಷಣಾ ಮೀಸಲು ಪ್ರದೇಶ ಅಭಯಾರಣ್ಯವಲ್ಲ. ಅದನ್ನು ತೋರಿಸಿ ಯಾರಾದರೂ ಹತ್ತು ಕಿಲೋಮೀಟರಿನ ಮಾತೆತ್ತಿದರೆ ಕಲಂ ತೆಗೆದು ತೋರಿಸಿ.

ಇನ್ನು ಕಾರವಾರದ ಓಡಾಟ. ಶಿರಸಿಯಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್, ಮಳೆಗಾಲದಲ್ಲಿ ಘಟ್ಟದ ರಸ್ತೆ ಯಾವಾಗ ಬಂದ್ ಆಗುತ್ತದೋ ಹೇಳಲಾಗದು. ಕಡತ ಎಲ್ಲಿದೆ ಎಂದು ಕೇಳಲು ಅಲ್ಲಿಗೆ ಹೋಗಬೇಡಿ. ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, ಕಡತ ಯಾವ ದಿನ ಯಾರ ಮೇಜಿಗೆ ಹೋಯಿತು ಎಂದಷ್ಟೇ ಕೇಳಿ. "ನನ್ನ ಅರ್ಜಿ ಯಾಕೆ ಆಗಿಲ್ಲ" ಎಂಬಂಥ ಪ್ರಶ್ನೆಗೆ ಉತ್ತರ ಬರುವುದಿಲ್ಲ, ದಿನಾಂಕದ ಪ್ರಶ್ನೆಗೆ ಬರುತ್ತದೆ. ಆನ್‌ಲೈನ್ ಮಾಡಿದ್ದರಿಂದ ಅರ್ಜಿ ಹಾಕುವುದು ಸುಲಭವಾಗಿದೆ ನಿಜ. ಆದರೆ ಶಿಕ್ಷೆಯ ಹಿನ್ನೆಲೆಯ ಕಡತ ಕೊನೆಗೂ ನಿರ್ಧಾರವಾಗುವುದು ಕಾಗದದ ಮೇಲೆಯೇ. ಈ ಹಂತಕ್ಕೆ ಐದರಲ್ಲಿ ಎರಡೂವರೆ ಅಂಕಕ್ಕಿಂತ ಹೆಚ್ಚು ಕೊಡಲು ಮನಸ್ಸಾಗುವುದಿಲ್ಲ.

ಆದೇಶ ವಿರುದ್ಧವಾಗಿ ಬಂದರೆ ಶಸ್ತ್ರಾಸ್ತ್ರ ಕಾಯ್ದೆಯ 18ನೇ ಕಲಂ ಕೆಳಗೆ ಮೇಲ್ಮನವಿ, 30 ದಿನದೊಳಗೆ, ವಿಭಾಗದ ಆಯುಕ್ತರ ಮುಂದೆ. ನಮ್ಮದು ಬೆಳಗಾವಿ ವಿಭಾಗ. ತಡವಾದರೆ ತಕ್ಕ ಕಾರಣ ತೋರಿಸಬೇಕು. ಮೇಲ್ಮನವಿ ಹಾಕಿದ ಮಾತ್ರಕ್ಕೆ ಆದೇಶ ನಿಲ್ಲುವುದಿಲ್ಲ, ತಡೆ ಬೇಕೆಂದು ಬೇರೆಯಾಗಿ ಕೇಳಬೇಕು. ಆದೇಶದಲ್ಲಿ ಕಾರಣ ಇಲ್ಲದಿದ್ದರೆ ಮೊದಲ ದಿನವೇ ಕಾರಣದ ಹೇಳಿಕೆ ಬೇಡಿ ಪತ್ರ ಬರೆದು ಸ್ವೀಕೃತಿ ಇಟ್ಟುಕೊಳ್ಳಿ. ಕಾರಣ ಕೊಡದಿರುವುದೇ ನಿಮ್ಮ ಮೇಲ್ಮನವಿಯ ಗಟ್ಟಿ ಅಂಶವಾಗುತ್ತದೆ. ಅಲ್ಲೂ ಆಗದಿದ್ದರೆ ಹೈಕೋರ್ಟಿನ ಧಾರವಾಡ ಪೀಠದಲ್ಲಿ ರಿಟ್ ಅರ್ಜಿ. ಈ ಮೇಲ್ಮನವಿ ವ್ಯವಸ್ಥೆ ಇಡೀ ಸೇವೆಯ ಒಳ್ಳೆಯ ಭಾಗ, ಬಳಸುವವರೇ ಕಡಿಮೆ.

ಠಾಣೆಯಲ್ಲಿಟ್ಟ ಕೋವಿ

ನಿರ್ಬಂಧ ಬಿದ್ದ ಮೇಲೆ ತಡಮಾಡದೆ ಕೋವಿಯನ್ನು ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯಲ್ಲೋ ಇಡಬೇಕು, 21ನೇ ಕಲಂ. ಮಾಲೀಕತ್ವ ನಿಮ್ಮದೇ ಉಳಿಯುತ್ತದೆ. ಲೈಸೆನ್ಸ್ ಮರಳಿದಾಗ ವಾಪಸ್ ಪಡೆಯಬಹುದು, ಅಥವಾ ಅಷ್ಟರೊಳಗೆ ಲೈಸೆನ್ಸ್ ಇರುವ ಇನ್ನೊಬ್ಬರಿಗೆ ಮಾರಬಹುದು. ನಿಗದಿತ ಅವಧಿ ಮೀರಿದರೆ ಮುಟ್ಟುಗೋಲಿಗೆ ಆದೇಶವಾಗಬಹುದು. ಆದ್ದರಿಂದ ಮರಳಿ ಪಡೆಯುವ ಉದ್ದೇಶವಿದೆ ಎಂದು ಠಾಣೆಗೂ ಡಿಸಿ ಕಚೇರಿಗೂ ಪತ್ರ ಕೊಟ್ಟಿರಬೇಕು.

ಕರಾವಳಿ ಮತ್ತು ಘಟ್ಟದ ತೇವದಲ್ಲಿ ಐದಾರು ಮಳೆಗಾಲ ಕಳೆದ ಕೋವಿಯ ಗತಿ ಏನಾಗುತ್ತದೆಂದು ಕೇಳಬೇಕಾಗಿಲ್ಲ. ಕೇಪಿನ ಕೋವಿಗೆ ಅಪಾಯ ಹೆಚ್ಚು. ಕರಿಮದ್ದು ಉರಿದ ಮೇಲೆ ನಳಿಗೆಯೊಳಗೆ ಉಳಿಯುವ ಮಸಿಯಲ್ಲಿ ಲವಣಗಳಿರುತ್ತವೆ, ಅವು ಗಾಳಿಯ ತೇವ ಹೀರಿಕೊಂಡು ಕಬ್ಬಿಣ ತಿನ್ನುತ್ತವೆ. ಎಣ್ಣೆಯಲ್ಲಿ ಆ ಲವಣ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಮಸಿಯ ಮೇಲೆಯೇ ಎಣ್ಣೆ ಬಳಿದರೆ ತುಕ್ಕನ್ನು ಒಳಗೆ ಮುಚ್ಚಿಟ್ಟಂತೆ. ಕೋವಿ ಖಾಲಿ ಇದೆಯೆಂದು ಗಜ (ಮದ್ದು ಇಡಿಯುವ ಕೋಲು) ಇಳಿಸಿ ನೋಡಿ ಖಾತ್ರಿ ಮಾಡಿಕೊಂಡು, ನಳಿಗೆಗೆ ಬಿಸಿನೀರು ಹೊಯ್ದು, ಗಜಕ್ಕೆ ಸುತ್ತಿದ ಬಟ್ಟೆ ಬಿಳಿಯಾಗಿ ಹೊರಬರುವ ತನಕ ಉಜ್ಜಿ, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಅಥವಾ ಗ್ರೀಸ್. ಕೇಪು ಕೂರಿಸುವ ಮೊಳೆಯ ತೂತೂ ಸ್ವಚ್ಛವಿರಬೇಕು. ಪ್ಲಾಸ್ಟಿಕ್ಕಿನಲ್ಲಿ, ಚರ್ಮದ ಚೀಲದಲ್ಲಿ ಸುತ್ತಿ ಕೊಡಬೇಡಿ, ಒಳಗೆ ಬೆವರುತ್ತದೆ; ಎಣ್ಣೆ ಹಿಂಡಿದ ಹತ್ತಿಬಟ್ಟೆ ಸಾಕು. ತೋಟೆ ಕೋವಿಯಾದರೆ ನಳಿಗೆ, ಹಿಡಿಕೆ ಬಿಚ್ಚಿ ಬೇರೆ ಬೇರೆ ಸುತ್ತಿ.

ರಸೀದಿಯಲ್ಲಿ "ಒಂದು ಬಂದೂಕು" ಎಂದು ಬರೆಸಿಕೊಂಡು ಬರುವುದು ಮುಂದಿನ ಜಗಳಕ್ಕೆ ಅಡಿಪಾಯ. ತಯಾರಕರ ಹೆಸರು, ಬೋರ್ (ನಳಿಗೆಯ ಒಳ ಅಳತೆ), ನಳಿಗೆಯ ಉದ್ದ, ಸಂಖ್ಯೆ, ಜೊತೆಗೆ ಕೊಟ್ಟ ಗಜ, ಪಟ್ಟಿ, ತೋಟೆಗಳ ಎಣಿಕೆ ಎಲ್ಲ ಇರಲಿ. ಸಂಖ್ಯೆಯ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ, ಫೋಟೊ ಬೇರೆ. ಇದು ಅತಿ ಎಚ್ಚರಿಕೆ ಎನಿಸಬಹುದು. ಆದರೆ ಗುರುತು ಸಂಖ್ಯೆ ಅಳಿಸಿದ ಬಂದೂಕು ಯಾರ ಬಳಿ ಇದೆಯೋ ಅವನೇ ಅಳಿಸಿದ್ದೆಂದು 8ನೇ ಕಲಂ ಭಾವಿಸಿಕೊಳ್ಳುತ್ತದೆ, ಅಲ್ಲವೆಂದು ತೋರಿಸುವ ಹೊರೆ ಅವನ ಮೇಲೆ. ಹಳೆಯ ನಾಡಕೋವಿಗಳಲ್ಲಿ ಸಂಖ್ಯೆ ಮೊದಲೇ ಆಳವಿಲ್ಲದೆ ಕೊರೆದದ್ದು, ಎರಡು ಮಳೆಗಾಲದ ತುಕ್ಕಿಗೆ ಮಾಸಿಹೋಗುತ್ತದೆ. ವಾಪಸ್ ಪಡೆಯುವಾಗ ಲೈಸೆನ್ಸಿನ ಸಂಖ್ಯೆಗೂ ನಳಿಗೆಯ ಸಂಖ್ಯೆಗೂ ತಾಳೆಯಾಗದಿದ್ದರೆ ಕೋವಿ ಅಲ್ಲೇ ಉಳಿಯುತ್ತದೆ. ಅಚ್ಚು ತೆಗೆದ ಕಾಗದ ಆಗ ಕೆಲಸಕ್ಕೆ ಬರುತ್ತದೆ.

ಐದು ವರ್ಷ ಕಾಯುವುದಕ್ಕಿಂತ ಲೈಸೆನ್ಸನ್ನು ಮನೆಯ ಇನ್ನೊಬ್ಬರ ಹೆಸರಿಗೆ ಮಾಡಿಸಬಾರದೇ ಎಂದು ಕೇಳುವವರಿದ್ದಾರೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸುದಾರ ತೀರಿಕೊಂಡಾಗ, ಅಥವಾ ಅವರಿಗೆ 70 ತುಂಬಿದಾಗ, ಇಲ್ಲವೇ ಕೋವಿ ಹೊಂದಿ 25 ವರ್ಷವಾದಾಗ ಕಾನೂನುಬದ್ಧ ವಾರಸುದಾರರಿಗೆ ಲೈಸೆನ್ಸ್ ಕೊಡಬಹುದು. ಹೆಂಡತಿ, ಮಕ್ಕಳು, ಸೊಸೆ ಎಲ್ಲ ವಾರಸುದಾರರೇ. ಕೋವಿ ವಯಸ್ಸಾದ ಅಪ್ಪನ ಹೆಸರಲ್ಲಿದ್ದು ಕೇಸು ಮಗನ ಮೇಲಿದ್ದರೆ ಸೊಸೆಯ ಹೆಸರು ಸೂಚಿಸುವುದು ಚೆನ್ನಾದ ದಾರಿ. ಆದರೆ ಶಿಕ್ಷೆಯಾದವನು ಅದೇ ಮನೆಯಲ್ಲಿರುತ್ತಾನೆ ಎಂಬುದನ್ನು ಠಾಣೆಯ ವರದಿ ಬಿಡುವುದಿಲ್ಲ. ಕಪಾಟಿನ ಕೀಲಿ ಲೈಸೆನ್ಸುದಾರರ ಕೈಯಲ್ಲೇ ಇರಬೇಕು, ತೋಟದಲ್ಲಿ ಈಡು ಹಾಕುವವರೂ ಅವರೇ ಆಗಿರಬೇಕು. ನಿರ್ಬಂಧವಿರುವ ಗಂಡ ಒಂದು ರಾತ್ರಿ ಕೋವಿ ಹಿಡಿದು ತೋಟಕ್ಕಿಳಿದರೂ ಇಬ್ಬರ ಮೇಲೂ ಕೇಸು.

ಲೈಸೆನ್ಸ್ ಮರಳಿ ಸಿಕ್ಕ ಮೇಲೆ ಅವಧಿ ಐದು ವರ್ಷ. ನವೀಕರಣದ ಅರ್ಜಿ ಆ ಅವಧಿ ಮುಗಿಯುವ 60 ದಿನ ಮೊದಲೇ ಹೋಗಬೇಕು. ಚುನಾವಣೆ ಘೋಷಣೆಯಾದಾಗ ಕೋವಿಯನ್ನು ಠೇವಣಿ ಇಡಬೇಕಾದವರ ಪಟ್ಟಿಯಲ್ಲಿ ಹಳೆಯ ಕೇಸಿನವರ ಹೆಸರು ಮೊದಲು ಬರುತ್ತದೆ. ವಿನಾಯಿತಿ ಕೇಳಿ ಜಿಲ್ಲಾ ಪರಿಶೀಲನಾ ಸಮಿತಿಗೆ ಅರ್ಜಿ ಕೊಡಬಹುದಾದರೂ ಶಿಕ್ಷೆಯ ಹಿನ್ನೆಲೆ ಇರುವವರಿಗೆ ಅದು ಸಿಗುವ ಸಂಭವ ಕಡಿಮೆ. ನೋಟಿಸಿಗೆ ಕಾಯದೆ ತಾವೇ ಒಯ್ದು ಇಟ್ಟು, ರಸೀದಿಯನ್ನು ಲೈಸೆನ್ಸ್ ಪುಸ್ತಕದೊಳಗೇ ಇಟ್ಟುಕೊಳ್ಳಿ. ಮುಂದಿನ ನವೀಕರಣದ ಕಡತಕ್ಕೆ ಅದೂ ಒಂದು ಒಳ್ಳೆಯ ಲಗತ್ತು.